ಫೈಲು ದಪ್ಪವಾದರೆ ಪಾಠ ದೊಡ್ಡದಾಗುವುದೇ?

ಕಳೆದ ವರ್ಷ ನಮ್ಮ ಸಂಘದ ಕನ್ನಡ ಕಲಿಕಾ ವರ್ಗದ ಪಾಠಗಳನ್ನು ಅಂತರ್ಜಾಲಕ್ಕೆ ಏರಿಸಲಾಯಿತು. ಉದ್ದೇಶ ಒಳ್ಳೆಯದೇ. ವಿರಾರಿನಿಂದಲೋ ಕಲ್ಯಾಣದಿಂದಲೋ ಭಾನುವಾರ ಲೋಕಲ್ ಗಾಡಿ ಹಿಡಿದು ಬರಲಾಗದ ಮಕ್ಕಳು ಮನೆಯಲ್ಲೇ ಕೂತು ನಾಲ್ಕಕ್ಷರ ಕಲಿಯಲಿ ಎಂಬುದು. ಆದರೆ ಸ್ವರಾಕ್ಷರಗಳ ಮೊದಲ ಪಾಠವೊಂದೇ 640 ಎಂಬಿ! ಆ ವರ್ಗದಲ್ಲಿ ಪಾಠ ಹೇಳುವವನು ನಾನಾದ್ದರಿಂದ ವಾರದೊಳಗೆ ಒಬ್ಬ ತಾಯಿ ಫೋನು ಮಾಡಿದರು: “ಮಾಸ್ತರೇ, ಮನೆಗೆಲ್ಲ ಇರುವುದು ಇದೊಂದೇ ಫೋನು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕು. ಮಗಳು ‘ಅ, ಆ’ ಎನ್ನುವಷ್ಟರಲ್ಲಿ ಅರ್ಧ ಮುಗಿಯುತ್ತದೆ. ಅವಳ ಅಣ್ಣನ ಓದಿಗೆ ಏನು ಮಾಡಲಿ?”

ಈ ಮಾತನ್ನು ಸಮಿತಿಯ ಮುಂದಿಟ್ಟೆ. ಸಿಕ್ಕ ಉತ್ತರ ಬೇರೆಯೇ ಪ್ರಶ್ನೆಗೆ! ಮೊದಲ ಪಾಠಕ್ಕೆಂದು ಏರಿಸಿದ ಮಿತಿ ಎರಡನೆಯ ಪಾಠಕ್ಕೆ ಸಾಲುತ್ತಿಲ್ಲ, ಇನ್ನೂ ಏರಿಸಬೇಕು ಎಂದರು. ಆನೆ ಒಳಗೆ ಬಾರದು ಎಂದು ಬಾಗಿಲು ಒಡೆಯುವ ಈ ಬುದ್ಧಿಯ ವಿರುದ್ಧವೇ ನನ್ನ ತಕರಾರು.

ನಾವು ಬಳಸುವ ‘ಮೂಡಲ್’ 2002ರಲ್ಲಿ ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಾಸ್ ಹೊರತಂದ ಉಚಿತ ಕಲಿಕಾ ವ್ಯವಸ್ಥೆ. ಅದನ್ನು ಬರೆದಿರುವ ಪಿಎಚ್‌ಪಿ ಭಾಷೆ, ಯಾರೂ ಬದಲಿಸದಿದ್ದರೆ, 2 ಎಂಬಿಯ ಫೈಲನ್ನಷ್ಟೇ ಒಳಬಿಡುತ್ತದೆ. ಅದು ತೀರ ಕಡಿಮೆ, ಒಪ್ಪಿದೆ. ಏರಿಸುವುದೂ ಎರಡು ಸಾಲಿನ ಕೆಲಸ. ಆದರೆ ಮಿತಿ ಏರಿಸಿದರೆ ತೀರುವುದು ನಮ್ಮ ತೊಂದರೆ, ಆ ತಾಯಿಯದಲ್ಲ.

ಇಷ್ಟಕ್ಕೂ ಆ 640 ಎಂಬಿಯಲ್ಲಿ ಇದ್ದುದೇನು? ಬಿಚ್ಚಿ ನೋಡಿದೆ. ಧ್ವನಿಯನ್ನು ಕುಗ್ಗಿಸದೆ ವೇವ್ ರೂಪದಲ್ಲೇ ಇಟ್ಟಿದ್ದರು: ನಿಮಿಷಕ್ಕೆ ಸುಮಾರು 10 ಎಂಬಿ. ಅದೇ ಮಾತು 64 ಕಿಲೋಬಿಟ್ಟಿನ ಎಂಪಿ3 ಆದರೆ ನಿಮಿಷಕ್ಕೆ ಅರ್ಧ ಎಂಬಿ. ‘ಅ’ಕಾರ ‘ಅ’ಕಾರವಾಗಿಯೇ ಕೇಳಿಸುತ್ತದೆ. ಅಂಗೈಯಗಲದ ಪರದೆಗೆ ಗೋಡೆಯಗಲದ ಚಿತ್ರಗಳು. ಪ್ರತಿ ಅಕ್ಷರಕ್ಕೂ ಮುನ್ನ ಸಂಘದ ಲಾಂಛನ ಗಿರಗಿರನೆ ತಿರುಗುವ ವಿಡಿಯೋ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ!

ಇವನ್ನೆಲ್ಲ ‘ಸ್ಕಾರ್ಮ್’ ಎಂಬ ಒಂದೇ ಗಂಟಾಗಿ ಜಿಪ್ ಮಾಡಿ ಏರಿಸಿದ್ದಾಯಿತು. ಸ್ಕಾರ್ಮಿನ ಗುಣ ನಾನೂ ಬಲ್ಲೆ: ಬೇರೆ ವ್ಯವಸ್ಥೆಗೆ ಒಯ್ದರೂ ಪಾಠ ತೆರೆದುಕೊಳ್ಳುತ್ತದೆ, ಮಗುವಿನ ಅಂಕ ದಾಖಲಾಗುತ್ತದೆ. ಆದರೆ ಮೂಡಲ್ ಗಂಟನ್ನೂ ಇಟ್ಟುಕೊಳ್ಳುತ್ತದೆ, ಬಿಚ್ಚಿದ ಸರಕನ್ನೂ ಇಟ್ಟುಕೊಳ್ಳುತ್ತದೆ; ಜಾಗ ಹೆಚ್ಚುಕಡಿಮೆ ಇಮ್ಮಡಿ. ‘ಋ’ ಅಕ್ಷರದಲ್ಲಿ ಒಂದು ತಪ್ಪು ತಿದ್ದಬೇಕಾದರೆ ಇಡೀ ಗಂಟನ್ನೇ ಮತ್ತೆ ಕಟ್ಟಿ ಏರಿಸಬೇಕು. 2010ರ 2.0 ಆವೃತ್ತಿಯಿಂದ ಮೂಡಲ್, ಒಂದೇ ಫೈಲನ್ನು ಹತ್ತು ಕಡೆ ಹಾಕಿದರೂ ಒಂದೇ ಪ್ರತಿ ಇಡುತ್ತದೆ, ನಿಜ. ಆದರೆ ಒಂದಕ್ಷರ ಬದಲಾದ ಗಂಟು ಅದರ ಲೆಕ್ಕಕ್ಕೆ ಹೊಸ ಗಂಟೇ. ನಮ್ಮಲ್ಲೀಗ ‘ಅಂತಿಮ’, ‘ಅಂತಿಮ-2’, ‘ನಿಜವಾದ ಅಂತಿಮ’ ಎಂಬ ಮೂರು ಗಂಟುಗಳಿವೆ. ಮಕ್ಕಳು ಓದುತ್ತಿರುವುದು ಯಾವುದನ್ನೆಂದು ಹೇಳಬಲ್ಲವರು ಸಮಿತಿಯಲ್ಲಿ ಒಬ್ಬರೂ ಇಲ್ಲ.

“ಈ ಕಾಲದಲ್ಲಿ ಜಾಗ ಅಗ್ಗ” ಎನ್ನುವವರಿದ್ದಾರೆ. ಅಗ್ಗವಾದದ್ದು ಸರ್ವರಿನ ಜಾಗ. ಆ ತಾಯಿಯ ಪ್ಯಾಕು ಅಲ್ಲ. “ಗುಣಮಟ್ಟ ಕೆಡುತ್ತದೆ” ಎನ್ನುವವರೂ ಇದ್ದಾರೆ. ಅದೇ ಪಾಠವನ್ನು ನಾನು ಮತ್ತೆ ಕಟ್ಟಿದೆ. 38 ಎಂಬಿಗೆ ಇಳಿಯಿತು. ಇಬ್ಬರು ಮಕ್ಕಳಿಗೆ ಎರಡನ್ನೂ ತೋರಿಸಿದೆ. ಅವರು ಕಂಡ ವ್ಯತ್ಯಾಸ ಒಂದೇ: ಇದು ಬೇಗ ತೆರೆಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಯಾವ ಪಾಠವೂ 50 ಎಂಬಿ ಮೀರಕೂಡದೆಂದು ಸಮಿತಿ ಠರಾವು ಮಾಡಲಿ. ಒಂದು ದೊಡ್ಡ ಗಂಟಿನ ಬದಲು ಅಕ್ಷರಕ್ಕೊಂದು ಪುಟ್ಟ ಗಂಟಿರಲಿ. ಉದ್ದದ ವಿಡಿಯೋವನ್ನು ಒಳಗೆ ತುರುಕದೆ, ನೆಟ್‌ವರ್ಕ್ ನೋಡಿ ತಾನೇ ಹಗುರಾಗುವ ವಿಡಿಯೋ ತಾಣದಲ್ಲಿಟ್ಟು ಕೊಂಡಿ ಕೊಡಲಿ. ಕೊಂಡಿ ಕಡಿಯದಂತೆ ನೋಡುವ ಹೊಣೆ ಒಬ್ಬರಿಗಿರಲಿ. ಮೂಲಪ್ರತಿ ಒಂದೇ ಕಡೆ, ತಾರೀಖಿನ ಹೆಸರಿನಲ್ಲಿ ಇರಲಿ. ಏರಿಸುವ ಮುನ್ನ ಪಾಠವನ್ನು ಅತಿ ಅಗ್ಗದ ಫೋನಿನಲ್ಲಿ ತೆರೆದು ನೋಡಲಿ.

ಹಗಲು ಹೋಟೆಲುಗಳಲ್ಲಿ ಕಪ್ಪುಬಸಿ ತೊಳೆದ ಹುಡುಗರಿಗಾಗಿ ಮುಂಬಯಿಯ ಕನ್ನಡಿಗರು ರಾತ್ರಿಶಾಲೆಗಳನ್ನು ನಡೆಸಿದರು. ಹುಡುಗನಿಗೆ ಬಿಡುವಾದ ಹೊತ್ತಿಗೆ ಶಾಲೆ ಬಾಗಿಲು ತೆರೆಯಿತು. ಶಾಲೆಯ ಹೊತ್ತಿಗೆ ಬಾ ಎಂದು ಅವನನ್ನು ಗದರಲಿಲ್ಲ. ಅವರ ವಾರಸುದಾರರು ನಾವು. ತಂಗಿ ‘ಅ’ ಕಲಿಯಲು ಅಣ್ಣ ಓದು ಬಿಡಬೇಕಾದರೆ, ಅಂಥ ವರ್ಗವನ್ನು ಕನ್ನಡದ ಸೇವೆ ಎಂದು ಕರೆಯುವ ಧೈರ್ಯ ನನಗಂತೂ ಇಲ್ಲ.