ಜೊಳ್ಳಿನೊಡನೆ ಹಾರಿದ ಕಾಳು

ಗದಗಿಗೆ ಸಮೀಪದ ನಾಗಾವಿಯಲ್ಲಿ, 2016ರಲ್ಲಿ ಸ್ಥಾಪಿತವಾದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿ ವ್ಯಾಸಂಗ ಮುಗಿಸಿದ ನಮ್ಮ ಬಂಧುವೊಬ್ಬರ ಮಗನು ಉದ್ಯೋಗದ ಕರೆಗಾಗಿ ದಿನವೂ ಇ-ಮೇಲ್ ತೆರೆದು ನೋಡುತ್ತಿದ್ದನು. ಕರೆ ಬಂದಿತ್ತು, ಅವನ ಕಣ್ಣಿಗೆ ಬೀಳಲಿಲ್ಲ. ‘ಸ್ಪ್ಯಾಮ್’ ಎಂಬ ಕಸದ ಕೋಣೆಯಲ್ಲಿ, ಲಾಟರಿ ಬಹುಮಾನದ ಪತ್ರಗಳ ನಡುವೆ ಅದು ಅಡಗಿತ್ತು. ಕಂಡಾಗ ಸಂದರ್ಶನದ ದಿನ ಕಳೆದುಹೋಗಿತ್ತು.

ಈ ಕಸದ ಇತಿಹಾಸ ಹಳೆಯದು. 1978ರ ಮೇ 3ರಂದು ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಗ್ಯಾರಿ ಥುಯರ್ಕ್ ಎಂಬುವರು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿದರು. ಅದನ್ನೇ ಮೊದಲ ಸ್ಪ್ಯಾಮ್ ಎನ್ನುವುದು ವಾಡಿಕೆ.

ಇಂದು ಪತ್ರವು ನಮ್ಮನ್ನು ತಲುಪುವ ಮುನ್ನ ಹಲವು ಪರೀಕ್ಷೆಗಳಿಗೆ ಒಳಗಾಗುತ್ತದೆ. ಮೊದಲನೆಯದು ಗುರುತಿನದು: ಪತ್ರ ಹೊರಟ ಯಂತ್ರಕ್ಕೆ ಆ ವಿಳಾಸದ ಹೆಸರಿನಲ್ಲಿ ಬರೆಯುವ ಅಧಿಕಾರವಿದೆಯೇ, ಅದರ ಮೇಲೆ ಗಣಕದ ಮೊಹರಿದೆಯೇ? ಎರಡನೆಯದು ಮಾತಿನದು. ಹದಿನೆಂಟನೆಯ ಶತಮಾನದ ಪಾದ್ರಿ ಥಾಮಸ್ ಬೇಯ್ಸ್ ರೂಪಿಸಿದ ಸಂಭವನೀಯತೆಯ ಸೂತ್ರವನ್ನು 2002ರಲ್ಲಿ ಪಾಲ್ ಗ್ರಹಾಂ ಈ ಕೆಲಸಕ್ಕೆ ಬಳಸಿ ಜನಪ್ರಿಯಗೊಳಿಸಿದರು. ‘ಬಹುಮಾನ’, ‘ತಕ್ಷಣ’ ಮೊದಲಾದ ಪದಗಳು ಹಿಂದೆ ಎಷ್ಟು ಕಸದ ಪತ್ರಗಳಲ್ಲಿದ್ದವು, ಎಷ್ಟು ಒಳ್ಳೆಯ ಪತ್ರಗಳಲ್ಲಿದ್ದವು ಎಂದು ಯಂತ್ರವು ಲೆಕ್ಕ ಹಾಕುತ್ತದೆ. ಮೂರನೆಯದು ಓದುಗರ ದೂರು. ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರ ಮೇಲೆ ಬರುವ ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಬಾರದೆಂದು 2024ರಲ್ಲಿ ಗೂಗಲ್ ನಿಯಮ ಮಾಡಿತು.

ಇಷ್ಟಾದರೂ ಯಂತ್ರದ ತೀರ್ಪು ಊಹೆಯೇ. ಜರಡಿಯ ಕಣ್ಣು ದೊಡ್ಡದಾದರೆ ವಂಚಕನು ಒಳನುಗ್ಗುತ್ತಾನೆ. ಚಿಕ್ಕದಾದರೆ ಸಜ್ಜನನು ಹೊರಗುಳಿಯುತ್ತಾನೆ. ಒಂದೇ ಒಕ್ಕಣೆಯ ಸಂದರ್ಶನದ ಕರೆಯು ನೂರಾರು ಅಪರಿಚಿತರಿಗೆ ಏಕಕಾಲದಲ್ಲಿ, ಮೊಹರಿಲ್ಲದೆ ಹೊರಟರೆ, ಯಂತ್ರಕ್ಕೆ ಸಂಶಯ ಬಾರದಿರುವುದೆಂತು? ಕಛೇರಿಗಳವರು ಇದನ್ನು ಗಮನಿಸಬೇಕು.

ನಾವೂ ವಾರಕ್ಕೊಮ್ಮೆಯಾದರೂ ಆ ಕೋಣೆಯನ್ನು ಇಣುಕಿ ನೋಡುವುದು ಲೇಸು. ಜಿಮೇಲ್‌ನಲ್ಲಿ 30 ದಿನಗಳಾದ ಮೇಲೆ ಅಲ್ಲಿರುವುದೆಲ್ಲ ತಾನಾಗಿಯೇ ಅಳಿದುಹೋಗುತ್ತದೆ. ಬೇಕಾದ ಪತ್ರ ಸಿಕ್ಕರೆ ‘ಸ್ಪ್ಯಾಮ್ ಅಲ್ಲ’ ಎಂದು ಒತ್ತಿರಿ. ಯಂತ್ರವೂ ಅದರಿಂದ ಕಲಿಯುತ್ತದೆ. ಉಳಿದ ಪತ್ರಗಳ ಕೊಂಡಿಗಳನ್ನು ಮಾತ್ರ ಮುಟ್ಟಬೇಡಿರಿ.

ಕಣದಲ್ಲಿ ಜೋಳ ತೂರಿದ ಮೇಲೆ ನಮ್ಮ ಕಡೆಯ ಹೆಣ್ಣುಮಕ್ಕಳು ಜೊಳ್ಳಿನಲ್ಲಿ ಒಮ್ಮೆ ಕೈಯಾಡಿಸದೆ ಏಳುವುದಿಲ್ಲ. ಆ ಹುಡುಗನೂ ಈಗ ಅದನ್ನೇ ಮಾಡುತ್ತಿದ್ದಾನೆ.