ಬೇಸಿಗೆಯ ಓದು

ರಜೆ ಬಂದರೆ ಓದಬೇಕೆಂದು ಅಧ್ಯಾಪಕರಾದವರೆಲ್ಲರೂ ಪುಸ್ತಕಗಳನ್ನು ಕೂಡಿಡುತ್ತಾರೆ. ರಜೆ ಮುಗಿದಾಗ ಆ ಪುಸ್ತಕಗಳ ಮೇಲೆ ಕುಳಿತ ಧೂಳನ್ನು ಒರೆಸಿ ಮತ್ತೆ ಬೀರುವಿನಲ್ಲಿಡುತ್ತಾರೆ. ಈ ಮಾತಿಗೆ ನಾನೂ ಹೊರತಲ್ಲ. 2024ರ ಬೇಸಿಗೆಗೆಂದು ನಾನು ಎತ್ತಿಟ್ಟುಕೊಂಡ ಪುಸ್ತಕಗಳು ಒಂಬತ್ತು. ಮೇ ತಿಂಗಳ ಕೊನೆಯ ಹೊತ್ತಿಗೆ ಓದಿ ಮುಗಿಸಿದ್ದುದು ಒಂದೂವರೆ. ಆದರೂ ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ನಡೆದಷ್ಟು ಓದು ಅದರ ಹಿಂದಿನ ಹತ್ತು ವರ್ಷಗಳಲ್ಲಿ ನಡೆದಿರಲಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆನಿಸಿದೆ. ಏಕೆಂದರೆ ಇದು ನನ್ನೊಬ್ಬಳ ಮನೆಯ ಸಂಗತಿಯಲ್ಲವೆಂದು ನನ್ನ ನಂಬುಗೆ.

ಆ ವರ್ಷದ್ದು ಬಿಡುವಿಲ್ಲದ ಬೇಸಿಗೆ. ಏಪ್ರಿಲ್ 9ರಂದು ಕ್ರೋಧಿ ಸಂವತ್ಸರದ ಯುಗಾದಿ. 11ರಂದು ರಂಜಾನ್ ಹಬ್ಬ. ಮೈಸೂರಿನ ನಮ್ಮ ಬೀದಿಯಲ್ಲಿ ಬೇವುಬೆಲ್ಲ, ಒಬ್ಬಟ್ಟುಗಳನ್ನು ಹೊತ್ತು ಎದುರುಮನೆಗೆ ಹೋದ ಡಬ್ಬಿ ಎರಡು ದಿನಗಳೊಳಗಾಗಿ ಶಾವಿಗೆಯ ಸಿಹಿಯನ್ನು ತುಂಬಿಕೊಂಡು ಹಿಂದಿರುಗಿತು. 17ರಂದು ರಾಮನವಮಿ, ಮೂಲೆಮನೆಯವರ ಚಪ್ಪರದಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆ. ತಿಂಗಳ ಕೊನೆಗೆ ಶುಕ್ರಾಸ್ತವೆಂದು ಪಂಚಾಂಗ ಹೇಳಿದ್ದರಿಂದ ಮದುವೆ ಮುಂಜಿಗಳೆಲ್ಲವೂ ಅದಕ್ಕೆ ಮುಂಚಿನ ದಿನಗಳನ್ನೇ ಮುತ್ತಿಕೊಂಡವು. 26ರಂದು ಲೋಕಸಭೆಯ ಮತದಾನ. ಅದಕ್ಕೆ ಅಧ್ಯಾಪಕರು ಬೇಕು. 29ರಿಂದ ದ್ವಿತೀಯ ಪಿಯುಸಿಯ ಎರಡನೆಯ ಪರೀಕ್ಷೆ. ಅದಕ್ಕೂ ಅಧ್ಯಾಪಕರು ಬೇಕು. ಮೇ 10ರಂದು ಅಕ್ಷಯತೃತೀಯ, ಬಸವ ಜಯಂತಿ. ಇವುಗಳ ನಡುವೆ ರಜೆಗೆಂದು ಬಂದಿಳಿದ ನಾದಿನಿಯ ಇಬ್ಬರು ಮಕ್ಕಳು, ಒಂಬತ್ತನೆಯ ತರಗತಿಗೆ ಕಾಲಿಡಲಿದ್ದ ನನ್ನ ಮಗಳು, ಯಾವ ಮನೆಯವರೆಂದು ಒಮ್ಮೊಮ್ಮೆ ನನಗೇ ತಿಳಿಯದಿದ್ದ ನೆರೆಹೊರೆಯ ಮಕ್ಕಳು. ಮಾವಿನಹಣ್ಣಿನ ಬುಟ್ಟಿ ಮಧ್ಯಾಹ್ನ ಬಂದರೆ ಸಂಜೆಗೆ ವಾಟೆಗಳ ರಾಶಿ.

ಮನೆಯೆಂಬ ಈ ಜಾತ್ರೆಯಲ್ಲಿ ಪುಸ್ತಕ ಹಿಡಿದು ಕುಳಿತ ನನ್ನ ಪಾಡು ಹೇಳತೀರದು. ಎರಡು ಪುಟ ತಿರುವುವಷ್ಟರಲ್ಲಿ ಅರಿಸಿನ ಕುಂಕುಮಕ್ಕೆ ಕರೆಯಲು ಯಾರೋ ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರನ್ನು ಕಳುಹಿಸಿ ಬಂದರೆ ಪುಸ್ತಕದ ಮೇಲೆ ಮಾವಿನ ರಸದ ಬೆರಳಗುರುತು. ಓದೆಂದರೆ ಏಕಾಂತ, ಏಕಾಂತವಿಲ್ಲದೆಡೆ ಓದಿಲ್ಲ ಎಂದು ನಂಬಿದ್ದವಳು ನಾನು. ಹಬ್ಬಗಳ ಮೇಲೂ ನೆಂಟರ ಮೇಲೂ ಒಳಗೊಳಗೇ ಮುನಿಸಿಕೊಂಡಿದ್ದೆ. ನಮ್ಮ ಯಜಮಾನರು ಒಂದು ದಿನ, “ನಿನ್ನ ಪುಸ್ತಕಗಳೇನೂ ಹಳಸುವುದಿಲ್ಲ, ಸಂಡಿಗೆಯ ಹಿಟ್ಟು ಹಳಸುತ್ತದೆ, ಮೊದಲು ತಾರಸಿಗೆ ಹೋಗು” ಎಂದರು. ಕೋಪದಿಂದಲೇ ಮೆಟ್ಟಿಲು ಹತ್ತಿದೆ. ಮೇಲೆ ಕಂಡ ದೃಶ್ಯ ನನ್ನ ಮುನಿಸನ್ನು ಕಳೆಯಿತು.

ಹಾಸಿದ ಹಳೆಯ ಸೀರೆಯ ಮೇಲೆ ಸಂಡಿಗೆ. ಮೆಟ್ಟಿಲ ಮೇಲಿನ ಚಾವಣಿಯ ನೆರಳಿನಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಕುಳಿತ ನನ್ನ ಅತ್ತೆಯವರು. ಸುತ್ತ ಐದಾರು ಮಕ್ಕಳು. ನಡುವೆ ನನ್ನ ಮಗಳು ವಾರಪತ್ರಿಕೆಯೊಂದರ ಕಥೆಯನ್ನು ತಡವರಿಸುತ್ತ ಓದುತ್ತಿದ್ದಳು. ಅತ್ತೆಯವರಿಗೆ ಎಂಬತ್ತರ ಹತ್ತಿರದ ವಯಸ್ಸು. ಶಾಲೆಯಲ್ಲಿ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಅನಂತರ ಕಲಿತದ್ದೆಲ್ಲವೂ ಕಾದಂಬರಿಗಳಿಂದ. ಎರಡು ವರ್ಷಗಳಿಂದ ಕಣ್ಣಿಗೆ ಪೊರೆ ಬಂದು ಅಕ್ಷರ ಕಾಣದಾಗಿತ್ತು. ಓದಲಾರದ ಅಜ್ಜಿಗೆ ಕನ್ನಡವನ್ನು ಸರಿಯಾಗಿ ಓದಲು ಬಾರದ ಮೊಮ್ಮಗಳು ಕಣ್ಣಾಗಿದ್ದಳು. ಮೊಮ್ಮಗಳು “ದನವಂತರು” ಎಂದು ಓದಿದಾಗ ಅಜ್ಜಿ ತಿದ್ದಿದರು: “ಧನವಂತರು ಅನ್ನಮ್ಮ. ಆದರೂ ನೀನು ಹೇಳಿದ್ದು ಪೂರಾ ತಪ್ಪಲ್ಲ. ನಮ್ಮ ಕಾಲದಲ್ಲಿ ದನ ಇದ್ದವರೇ ಧನವಂತರು.” ಮಕ್ಕಳು ನಕ್ಕರು. ಮಹಾಪ್ರಾಣವನ್ನು ತರಗತಿಯಲ್ಲಿ ಇಪ್ಪತ್ತು ವರ್ಷ ಬೋಧಿಸಿದ ನನಗೆ ಅದನ್ನು ಅಷ್ಟು ಸುಲಭವಾಗಿ ಕಲಿಸುವುದು ಎಂದೂ ಸಾಧ್ಯವಾಗಿರಲಿಲ್ಲ.

ಕಥೆ ಮುಗಿದ ಮೇಲೆ ಕಾದಂಬರಿ ಬಂದಿತು. ಅತ್ತೆಯವರು ತಾವಾಗಿ ಕೇಳಿದ್ದು ತ್ರಿವೇಣಿಯವರ ‘ಹಣ್ಣೆಲೆ ಚಿಗುರಿದಾಗ’. 1928ರಲ್ಲಿ ಹುಟ್ಟಿ 1963ರಲ್ಲಿ, ಮೂವತ್ತೈದು ತುಂಬುವ ಮುನ್ನವೇ, ತೀರಿಕೊಂಡ ಆ ಲೇಖಕಿ ಮೈಸೂರಿನಲ್ಲಿ ಬಾಳಿದವರು. ನಮ್ಮ ಅತ್ತೆಯವರ ಪೀಳಿಗೆಯ ಹೆಂಗಸರಿಗೆ ಮನೆಯ ಮಗಳಿದ್ದಂತೆ. ಎಳೆಯ ವಯಸ್ಸಿನ ವಿಧವೆಯ ಮರುಮದುವೆಯ ಪ್ರಶ್ನೆಯನ್ನೆತ್ತಿಕೊಂಡ ಆ ಕೃತಿ 1968ರಲ್ಲಿ ಚಲನಚಿತ್ರವೂ ಆಯಿತು. ದಿನಕ್ಕೆ ಒಂದು ಗಂಟೆಯಂತೆ ಮಕ್ಕಳು ಸರದಿಯಿಂದ ಓದಿದರು. ಎದುರುಮನೆಯ ಸೊಸೆ ಬಟ್ಟೆ ಹರವಲು ಬಂದವಳು ಅವರ ತಾರಸಿಯ ಗೋಡೆಗೊರಗಿ ಕೇಳುತ್ತಿದ್ದಳು. ಒಂದು ದಿನ ಅವಳು ಬರುವುದು ತಡವಾದಾಗ ಮಕ್ಕಳೇ ಓದನ್ನು ನಿಲ್ಲಿಸಿ ಕಾದರು.

ಪುಸ್ತಕ ಮುಗಿದ ದಿನ ಮಕ್ಕಳು ಕೆಳಗಿಳಿದು ಹೋದರು. ಅತ್ತೆಯವರು ಎದ್ದಿರಲಿಲ್ಲ. ಅವರ ಅಕ್ಕ ಹದಿನೇಳನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ತವರಿನ ಅಡಿಗೆಮನೆಯಲ್ಲಿ ಐವತ್ತು ವರ್ಷ ಬಾಳಿ ತೀರಿಹೋದರೆಂಬುದು ನನಗೆ ತಿಳಿದಿತ್ತು. ಆ ಮಾತನ್ನು ಅತ್ತೆಯವರು ತಾವಾಗಿ ಎಂದೂ ಎತ್ತಿದವರಲ್ಲ. ಅಂದು ಒಣಗಿದ ಸಂಡಿಗೆಯನ್ನು ಸೀರೆಯಿಂದ ಬಿಡಿಸುತ್ತ ಹೇಳಿದರು: “ನಾನು ಇದನ್ನ ಆಗಲೇ ಓದಿದ್ದೆ. ಕದ್ದು ಓದಿದ್ದೆ. ಅಕ್ಕನಿಗೂ ಕೊಟ್ಟಿದ್ದೆ. ನಮ್ಮಪ್ಪನಿಗೆ ಮಾತ್ರ ಯಾರೂ ಓದಿ ಹೇಳಲಿಲ್ಲ.”

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಒಬ್ಬರೇ ಓದಿದ ಪುಸ್ತಕ ಒಬ್ಬರ ಮನಸ್ಸನ್ನು ಬದಲಿಸೀತು; ಮನೆಯೊಂದು ಬದಲಾಗಬೇಕಾದರೆ ಅದನ್ನು ಮನೆಮಂದಿಯೆಲ್ಲ ಕೇಳಬೇಕು. ಅತ್ತೆಯವರ ಅಕ್ಕನಿಗೆ ಓದು ದಕ್ಕಿತು, ಆದರೆ ಅದು ಸೆರಗಿನ ಮರೆಯ ಓದಾಗಿ ಉಳಿಯಿತು. ನಾನು ಹಂಬಲಿಸುತ್ತಿದ್ದ ಏಕಾಂತ ಅವರಿಗೆ ಬೇಕಾದಷ್ಟಿತ್ತು. ಇಲ್ಲದಿದ್ದುದು ಒಟ್ಟಿಗೆ ಕುಳಿತು ಕೇಳುವ ತಾರಸಿ.

ಕೂಡಿ ಓದುವುದು ನಮಗೆ ಹೊಸದಲ್ಲವೆಂಬುದನ್ನು ಸಹೃದಯರಿಗೆ ನೆನಪಿಸಬೇಕಾಗಿಲ್ಲ. ಕುಮಾರವ್ಯಾಸನ ಭಾರತ ನೂರಾರು ವರ್ಷ ಬಾಳಿದ್ದು ಗಮಕಿಯ ಕಂಠದಲ್ಲಿ, ಊರ ಜಗಲಿಯಲ್ಲಿ. ಒಬ್ಬರು ವಾಚಿಸಲು, ಇನ್ನೊಬ್ಬರು ಅರ್ಥ ಬಿಡಿಸಲು, ಅಕ್ಷರ ಬಲ್ಲವರೂ ಅರಿಯದವರೂ ಒಂದೇ ಚಾಪೆಯ ಮೇಲೆ ಕುಳಿತು ಕೇಳಿದರು. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಮನ್ನಣೆ ದೊರೆತದ್ದು ಈ ಪರಂಪರೆಗೇ ಸರಿ. ಹೊಸಗನ್ನಡದ ಕಾದಂಬರಿಯೂ ಜನರ ನಡುವೆ ನಡೆದೇ ಬಂದಿತು: ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗ ಬರಲೆಂದು ಅವರು ಕಾದು ಕೂಡಲಿಲ್ಲ.

ಇಂದು ಕಾದು ಕುಳಿತಿರುವವರು ಓದುಗರು. ತಾರಸಿಯ ಮಕ್ಕಳಿಗೆ ಕಾದಂಬರಿಯ ರುಚಿ ಹತ್ತಿದಾಗ ಇನ್ನಷ್ಟು ಪುಸ್ತಕಗಳಿಗಾಗಿ ಮಗಳ ಶಾಲೆಗೆ ಹೋದೆ. ಗ್ರಂಥಭಂಡಾರದ ಬೀರುಗಳಿಗೆ ಬೀಗ. ಬೀಗದ ಕೈ ರಜೆಯ ಮೇಲೆ ಹೋದವರ ಬಳಿ. ಮೇ 29ರಂದು ಶಾಲೆ ತೆರೆದ ಮೇಲೆ ಬರಬೇಕೆಂದು ಕಾವಲುಗಾರರು ವಿನಯದಿಂದಲೇ ಹೇಳಿದರು. ಮಕ್ಕಳಿಗೆ ಪಾಠವಿರುವ ಹತ್ತು ತಿಂಗಳು ಪುಸ್ತಕ ಕಣ್ಣೆದುರಿಗಿರುತ್ತದೆ, ಓದಲು ಹೊತ್ತಿರುವುದಿಲ್ಲ. ಹೊತ್ತು ಧಾರಾಳವಾಗಿರುವ ಏಳು ವಾರ ಪುಸ್ತಕ ಬೀಗದೊಳಗಿರುತ್ತದೆ. ಇದು ಯಾವುದೋ ಒಂದು ಶಾಲೆಯ ತಪ್ಪಲ್ಲ; ನಮ್ಮ ಶಾಲೆಗಳ ರೂಢಿಯೇ ಬಹುಮಟ್ಟಿಗೆ ಹೀಗೆ. ಆಮೇಲೆ ಮಕ್ಕಳು ಕೈಫೋನು ಹಿಡಿದು ಕುಳಿತರೆಂದು ನಾವು ಗೊಣಗುತ್ತೇವೆ.

ದಾರಿಯಿಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯೊಡನೆ ನಾವೆಲ್ಲರೂ ಗ್ರಂಥಾಲಯ ಕರವನ್ನೂ ಸಲ್ಲಿಸುತ್ತೇವೆ. ಎಂದರೆ ಆ ಪುಸ್ತಕಗಳ ಒಡೆಯರು ನಾವೇ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡವು. ಹಳ್ಳಿಯಲ್ಲಿ ಆದದ್ದು ನಗರದ ಶಾಲೆಯಲ್ಲಿ ಏಕಾಗಬಾರದು? ರಜೆಯಲ್ಲಿ ವಾರಕ್ಕೆ ಎರಡು ಬೆಳಗು ಬೀರು ತೆರೆದರೆ ಸಾಕು. ಅದಕ್ಕಾಗಿ ಅಧ್ಯಾಪಕರ ರಜೆಯನ್ನು ಕಸಿಯಬೇಕಾಗಿಲ್ಲ. ಎಷ್ಟು ಉಳಿದಿರುತ್ತದೆಂಬುದನ್ನು ಮೇಲೆಯೇ ಹೇಳಿದ್ದೇನೆ. ಪ್ರತಿಯೊಂದು ಬೀದಿಯಲ್ಲಿಯೂ ನಿವೃತ್ತರಾದ ಒಬ್ಬರು ಗುಮಾಸ್ತರೋ ಮೇಷ್ಟರೋ ಇದ್ದೇ ಇರುತ್ತಾರೆ. ಅವರ ಕೈಗೆ ಬೀಗದ ಕೈಯನ್ನೂ ಒಂದು ದಾಖಲೆ ಪುಸ್ತಕವನ್ನೂ ಕೊಡಬಹುದು. ನಾಲ್ಕು ಪುಸ್ತಕ ಹರಿದಾವು, ಎರಡು ಕಳೆದಾವು. ಗೆದ್ದಲಿಗೆ ಹೋಗುವುದಕ್ಕಿಂತ ಮಕ್ಕಳ ಕೈಯಲ್ಲಿ ಹರಿಯುವುದು ಲೇಸು.

ಏಕಾಂತದ ಓದು ಬೇಡವೆಂದು ನಾನು ಹೇಳುತ್ತಿಲ್ಲ. ಪಂಪನನ್ನು ಸಂಡಿಗೆ ಕಾಯುತ್ತ ಓದಲಾಗದು; ನನ್ನ ಒಂಬತ್ತು ಪುಸ್ತಕಗಳಿಗೆ ಬಾಗಿಲು ಹಾಕಿದ ಕೋಣೆಯೇ ಬೇಕು. ಆದರೆ ಆ ಕೋಣೆಯನ್ನು ಮುಂದೆ ಯಾರು ಹುಡುಕಿಕೊಂಡು ಹೋದಾರು? ಎಳವೆಯಲ್ಲಿ ನಾಲ್ಕು ಜನರ ನಡುವೆ ಕಥೆ ಕೇಳಿ, ಮುಂದೇನೆಂದು ತಡೆಯಲಾರದೆ ಪುಸ್ತಕವನ್ನು ಮೂಲೆಗೊಯ್ದು ಓದಿದ ಮಗುವೇ ಅಲ್ಲವೆ? ಹಬ್ಬಕ್ಕೂ ಓದಿಗೂ ಹಗೆಯೆಂದು ನಾನು ತಿಳಿದದ್ದು ತಪ್ಪು. ಹಬ್ಬದಲ್ಲಿ ಸೇರಿದ ಜನರಿಗೆ ಪಾನಕದ ಜೊತೆಗೆ ಒಂದು ಅಧ್ಯಾಯವನ್ನೂ ಕೊಡಬಹುದು.

ಆ ವರ್ಷ ಮಳೆಗಾಲದಲ್ಲಿ ಅತ್ತೆಯವರ ಕಣ್ಣಿನ ಪೊರೆ ತೆಗೆಸಿದೆವು. ಈಗ ಅವರೇ ಓದಬಲ್ಲರು. ಆದರೂ ಬೇಸಿಗೆಯ ಬೆಳಗಿನಲ್ಲಿ ತಾರಸಿಗೆ ಹೋದಾಗ ಕನ್ನಡಕವನ್ನು ಕೆಳಗೇ ಮರೆತು ಬರುತ್ತಾರೆ. ಅದನ್ನು ತಂದುಕೊಡಲು ಹೊರಟ ನನ್ನನ್ನು ಮಗಳು ಕಣ್ಸನ್ನೆಯಿಂದ ತಡೆದು, ತಾನೇ ಪುಸ್ತಕ ತೆರೆಯುತ್ತಾಳೆ.