ಲೈಸೆನ್ಸು ಬಂತು, ಕಲಿಕೆ ಬರಲಿಲ್ಲ

ಮಾಡದಕೆರೆ ಸುತ್ತಿನ ಹಳ್ಳಿಗಳಲ್ಲಿ ಕತ್ತಲಾದ ಮೇಲೆ ರೈತನಿಗೆ ಎರಡು ಚಿಂತೆ. ಒಂದು, ಕರೆಂಟು ಯಾವಾಗ ಬರುತ್ತೆ? ಇನ್ನೊಂದು, ಹಂದಿ ಯಾವಾಗ ಬರುತ್ತೆ? ಕರೆಂಟಿಗೆ ಕಾಯುವವನು ಪಂಪ್‌ಸೆಟ್ ಹತ್ತಿರ ಇರುತ್ತಾನೆ. ಹಂದಿಗೆ ಕಾಯುವವನು ಪಕ್ಕದ ಹೊಲದ ಬದುವಿನ ಮೇಲೆ ಇರುತ್ತಾನೆ. ಅಂಥ ಕೆಲವರ ಕೈಯಲ್ಲಿ ಬಂದೂಕು ಇರುತ್ತೆ. ಇಬ್ಬರೂ ಇರೋದು ಒಂದೇ ಕತ್ತಲಲ್ಲಿ. ಇವನು ಅಲ್ಲಿರುವುದು ಅವನಿಗೆ ಗೊತ್ತಿಲ್ಲ. ನಮ್ಮ ಇವತ್ತಿನ ಮಾತು ಅದರ ಬಗ್ಗೆ.

ಈಚೆಗೆ ಒಂದು ತೋಟದ ಮನೆಗೆ ಹೋಗಿದ್ದೆ. ಯಜಮಾನರು ಕಾಫಿ ಕೊಟ್ಟರು, ಆಮೇಲೆ ಗೋಡೆಯ ಮೇಲಿದ್ದ ಜೋಡಿ ನಳಿಗೆ ಬಂದೂಕು ಇಳಿಸಿ ತೋರಿಸಿದರು. ತೋರಿಸುವಾಗ ನಳಿಗೆ ನೇರ ನನ್ನ ಎದೆಗೆ. ನಾನು ಪಕ್ಕಕ್ಕೆ ಸರಿದೆ. ‘ಹೆದ್ರಬ್ಯಾಡ್ರಿ ಸ್ವಾಮಿ, ಖಾಲಿ ಐತೆ’ ಅಂದರು. ‘ಒಂದ್ಸಲ ಮುರಿದು ನೋಡಿ ಯಜಮಾನ್ರೆ’ ಅಂದೆ. ಮುರಿದರು. ಎಡಗಡೆ ನಳಿಗೆಯಲ್ಲಿ ಒಂದು ತೋಟಾ! ಅವರ ಮುಖ ಬಿಳಿಚಿಕೊಂಡಿತು. ಮೊಮ್ಮಗ ಅಲ್ಲೇ ಆಡುತ್ತಿದ್ದ.

ಪಿಯುಸಿ ಅರ್ಧಕ್ಕೆ ಬಿಟ್ಟವನು ನಾನು. ಕಾಲೇಜಿನಲ್ಲಿ ನೆನಪಲ್ಲಿ ಉಳಿದ ಪಾಠ ಎನ್‌ಸಿಸಿ ಹವಾಲ್ದಾರರು ಹೇಳಿದ್ದು ಮಾತ್ರ. ಪಾಯಿಂಟ್ ಟೂ ಟೂ ರೈಫಲ್‌ನಲ್ಲಿ ಐದು ಗುಂಡು ಹೊಡೆಸುವ ಮೊದಲು ಒಂದು ವಾರ ಬರೀ ಹಿಡಿಯುವುದನ್ನೇ ಕಲಿಸಿದರು. ಆಗ ಬೇಜಾರಾಗಿತ್ತು. ಈಗ ಅದರ ಬೆಲೆ ಗೊತ್ತಾಗಿದೆ.

ಅವರು ಹೇಳಿದ್ದು ನಾಲ್ಕೇ ಮಾತು. ಯಾವ ಬಂದೂಕೂ ಖಾಲಿ ಅಲ್ಲ. ನೀನೇ ಕಣ್ಣಾರೆ ನೋಡುವವರೆಗೆ ಅದು ತುಂಬಿದ್ದೇ. ಕೊಲ್ಲಬಾರದ್ದರ ಕಡೆ ನಳಿಗೆ ತಿರುಗಿಸಬೇಡ. ಗುರಿ ಕೂರುವವರೆಗೆ ಕುದುರೆಯ ಮೇಲೆ ಬೆರಳಿಡಬೇಡ. ಗುರಿ ಏನು, ಅದರ ಹಿಂದೆ ಏನಿದೆ, ಎರಡೂ ತಿಳಿಯದೆ ಹೊಡೆಯಬೇಡ.

ನಾಲ್ಕನೆಯದು ನಮ್ಮ ರೈತರಿಗೆ ಬಹಳ ಮುಖ್ಯ. ರಾಗಿ ಹೊಲದಲ್ಲಿ ಸರಸರ ಅಂದಿದ್ದು ಹಂದಿಯೇ ಆಗಬೇಕೆಂದಿಲ್ಲ. ಸದ್ದು ಕೇಳಿ ಹೊಡೆಯುವುದು ಗುರಿಯಲ್ಲ, ಜೂಜು. ಟಾರ್ಚಿನ ಬೆಳಕಲ್ಲಿ ಪ್ರಾಣಿ ಪೂರಾ ಕಾಣದಿದ್ದರೆ ಬೆರಳು ಆಚೆಗೇ ಇರಲಿ. ಸಣ್ಣದು ಅನ್ನಿಸುವ ಪಾಯಿಂಟ್ ಟೂ ಟೂ ಗುಂಡು ಕೂಡ ಒಂದು ಮೈಲಿ ದಾಟಿ ಹೋಗಬಲ್ಲದು. ಆ ಮೈಲಿಯೊಳಗೆ ಎಷ್ಟು ತೋಟದ ಮನೆ ಇವೆ, ಎಣಿಸಿ ನೋಡಿ.

ಹೊಡೆಯುವ ವಿದ್ಯೆಯೂ ಅವಸರದ್ದಲ್ಲ. ಬಂದೂಕಿನ ಹಿಂಬದಿ ಭುಜಕ್ಕೆ ಒತ್ತಿ ಕೂರಬೇಕು. ಸಡಿಲ ಇದ್ದರೆ ಒದೆತಕ್ಕೆ ಭುಜ ನೋಯುತ್ತೆ, ಗುರಿಯೂ ತಪ್ಪುತ್ತೆ. ಕೆನ್ನೆ ಮರಕ್ಕೆ ತಾಗಿರಬೇಕು. ರೈಫಲ್ ಆದರೆ ಉಸಿರು ಅರ್ಧ ಬಿಟ್ಟು ತಡೆದು, ಕುದುರೆಯನ್ನು ಜಗ್ಗದೆ ನಿಧಾನ ಒತ್ತಬೇಕು. ಬೇಲಿ ದಾಟುವಾಗ, ಬದು ಹತ್ತುವಾಗ ತೋಟಾ ತೆಗೆದಿರಬೇಕು. ಮನೆಯಲ್ಲಿ ಬಂದೂಕು ಒಂದು ಕಡೆ, ತೋಟಾ ಒಂದು ಕಡೆ, ಎರಡಕ್ಕೂ ಬೀಗ. ಆಯುಧಪೂಜೆಯ ದಿನ ಕುಂಕುಮ ಹಚ್ಚಿದರೆ ಸಾಲದು, ಅದರ ನಳಿಗೆಯನ್ನೂ ಒರೆಸಬೇಕು.

ಕಾನೂನೇನೂ ಸುಮ್ಮನೆ ಕೂತಿಲ್ಲ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿಗೆ ಅರ್ಜಿ ಹಾಕುವವರು ಸುರಕ್ಷತಾ ತರಬೇತಿ ಪಡೆಯಬೇಕು. 2019ರ ತಿದ್ದುಪಡಿ ಬಂದ ಮೇಲೆ ಮದುವೆ, ಮೆರವಣಿಗೆಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲಕ್ಕೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯಲೇಬೇಕಲ್ಲ! ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿಯೂ ಅಲ್ಲ. ಕರಡಿ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ ಎಂಬುದನ್ನು ಮರೆಯಬೇಡಿ.

ಆದರೆ ಹಳೇ ಲೈಸೆನ್ಸಿನವರ ಗತಿ? 2016ಕ್ಕೆ ಮೊದಲು ಬಂದೂಕು ಪಡೆದು, ಒಂದು ದಿನವೂ ಪಾಠ ಕೇಳದವರು ಎಷ್ಟೋ ಮಂದಿ. ಲೈಸೆನ್ಸು ಅಪ್ಪನ ಹೆಸರಲ್ಲಿ, ರಾತ್ರಿ ಕಾವಲಿಗೆ ಮಗ! ಲೈಸೆನ್ಸಿನಲ್ಲಿ ಹೆಸರಿಲ್ಲದವನು ಬಂದೂಕು ಹಿಡಿದು ಹೊರಡುವುದೇ ತಪ್ಪು. ಕಲಿಯದೆ ಹಿಡಿದರೆ ತಪ್ಪಿನ ಮೇಲೆ ತಪ್ಪು.

ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಒಳ್ಳೆಯ ಕೆಲಸ. ಆದರೆ ಶಿಬಿರ ಜಿಲ್ಲಾ ಕೇಂದ್ರದಲ್ಲಿ ನಡೆದರೆ ಇಲ್ಲಿನ ರೈತ ಹೊಸದುರ್ಗಕ್ಕೆ ಒಂದು ಬಸ್ಸು, ದುರ್ಗಕ್ಕೆ ಇನ್ನೊಂದು ಬಸ್ಸು ಹಿಡಿದು, ಕೂಲಿ ಕಳಕೊಂಡು ಹೋಗಬೇಕು. ಯಾರು ಹೋಗ್ತಾರೆ? ಚುನಾವಣೆ ಬಂದರೆ ‘ಬಂದೂಕು ಠಾಣೆಗೆ ಒಪ್ಪಿಸಿ’ ಎಂಬ ಕರೆ ಹಳ್ಳಿಹಳ್ಳಿಗೂ ಮುಟ್ಟುತ್ತೆ. ‘ಬಂದೂಕು ಹಿಡಿಯೋದು ಕಲಿಯಿರಿ’ ಎಂಬ ಕರೆ ಮಾತ್ರ ಯಾಕೆ ಮುಟ್ಟೋದಿಲ್ಲ?

ಗುಂಡು ಹೊಡೆಸಲು ಬೇರೆ ಮೈದಾನ ಬೇಕು, ಒಪ್ಪೋಣ. ಹಿಡಿಯುವುದು, ಮುರಿದು ನೋಡುವುದು, ಬೀಗ ಹಾಕುವುದು ಕಲಿಸಲು ಶಾಲೆಯ ಅಂಗಳ ಸಾಕು. ವರ್ಷಕ್ಕೊಂದು ಭಾನುವಾರ, ಒಬ್ಬ ಹವಾಲ್ದಾರರು, ಒಂದು ಖಾಲಿ ಬಂದೂಕು. ಇಲಾಖೆಗೆ ಇದು ದೊಡ್ಡ ಖರ್ಚೇ? ಸಂಬಂಧಪಟ್ಟವರು ಇತ್ತ ಗಮನ ಕೊಡಲಿ.

ಅಲ್ಲಿಯವರೆಗೆ ಬಂದೂಕು ಇರುವ ಅಣ್ಣಂದಿರಿಗೆ ಒಂದೇ ಮಾತು: ಇವತ್ತು ಮನೆಗೆ ಹೋದ ಕೂಡಲೇ ಬಾಯಿ ನೆಲದ ಕಡೆ ಮಾಡಿ, ಮುರಿದು ನೋಡಿ. ಖಾಲಿ ಅಂತ ಗೊತ್ತಿದ್ದರೂ ನೋಡಿ.